ಒಂದಳತೆ ದೊಡ್ಡ ಗಾಲಿಗಳು

ಶ್ರೀ
ಚೌಕಿಪೇಟೆ, ದಾವಣಗೆರೆ
೧೪–೨–೧೯೫೮

ಪ್ರೀತಿಯ ಮಗ ಉಜ್ಜನಪ್ಪನಿಗೆ,

ನಿನ್ನ ಅವ್ವ ಇಲ್ಲಿ ಕೂತುಕೊಂಡೇ ನಿನ್ನ ತಲೆ ನೇವರಿಸಿ ಬರೆಯುವ ಕಾಗದ. ಹೇಗಿದ್ದೀಯಪ್ಪಾ? ಕೆಮ್ಮು ಪೂರ್ತಿ ಹೋಯಿತೋ, ಇನ್ನೂ ಇದೆಯೋ? ಹೋದ ಕಾಗದದಲ್ಲಿ ‘ಸ್ವಲ್ಪ ಕೆಮ್ಮು, ಬೇರೆ ಏನಿಲ್ಲ’ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೆ. ನಿನ್ನ ‘ಸ್ವಲ್ಪ’ ಎಂಥದೆಂದು ನನಗೆ ಗೊತ್ತಿಲ್ಲವೇ? ಹುಣಸೆಮರದಿಂದ ಬಿದ್ದು ಮೊಣಕೈ ಮುರಿದುಕೊಂಡು ಬಂದಾಗಲೂ ‘ಸ್ವಲ್ಪ ನೋವು ಐತೆ’ ಅಂದವನು ನೀನು. ಆ ಟೈರು ಕಾರ್ಖಾನೆಯಲ್ಲಿ ರಬ್ಬರ್ ಕಾಯಿಸುವ ಒಲೆಯ ಹತ್ತಿರ ನಿಲ್ಲುವಾಗ ಮೂಗಿಗೆ ಬಟ್ಟೆ ಕಟ್ಟಿಕೋ. ಮಲಗುವ ಮುಂಚೆ ಮೆಣಸು, ಬೆಲ್ಲ ಬಾಯಲ್ಲಿ ಇಟ್ಟುಕೋ. ಶೇಂಗಾ ಚಟ್ನಿಪುಡಿ ಮುಟ್ಟಿತೋ ಇಲ್ಲವೋ ಬರೆಯಲೇ ಇಲ್ಲ. ಡಬ್ಬಿ ಬಿಚ್ಚಿದ ದಿನವೇ ರೂಮಿನ ಹುಡುಗರೆಲ್ಲ ಸೇರಿ ಖಾಲಿ ಮಾಡಿರಬೇಕು, ಇರಲಿ, ತಿನ್ನಲಿ. ಮದ್ರಾಸಿನವರಿಗೂ ನಮ್ಮ ಕಡೆಯ ಖಾರ ಗೊತ್ತಾಗಲಿ.

ಇಲ್ಲಿ ಎಲ್ಲರೂ ಆರಾಮಾಗಿದ್ದೇವೆ. ನಿನ್ನ ಅಣ್ಣ ವಾಮದೇವಪ್ಪ ಮದುವೆ ಕಾಲದ ಜವಳಿ ತರಲು ಹುಬ್ಬಳ್ಳಿಗೆ ಹೋಗಿದ್ದಾನೆ. ಅತ್ತಿಗೆ ನಿರ್ಮಲಮ್ಮ ನಿನ್ನ ಮದುವೆ ಯಾವಾಗ ಎಂದು ನನ್ನನ್ನು ಕೇಳುತ್ತಾಳೆ, ನಾನು ನಿನ್ನನ್ನು ಕೇಳುತ್ತೇನೆ, ನೀನು ಕೆಮ್ಮಿನ ಸುದ್ದಿ ಬರೆಯುತ್ತೀಯ. ಹರಿಹರದ ನಿನ್ನ ದೊಡ್ಡವ್ವ ಬಸವಣ್ಣೆಮ್ಮನಿಗೆ ಕೈನಡುಕ ಹಾಗೇ ಇದೆ. ಸಂತೆಯ ದಿನ ನಾನೇ ಹೋಗಿ ಅವಳ ತಲೆ ಬಾಚಿ ಜಡೆ ಹಾಕಿ ಬರುವುದು ನಡೆದೇ ಇದೆ. ಸೊಸೆ ಬಾಚಿದರೆ ಅಕ್ಕನಿಗೆ ಸೇರುವುದಿಲ್ಲ, ‘ಅವಳು ಎಳೆದಂಗೆ ನನ್ನ ಜೀವ ಹೋಗತೈತೆ’ ಅನ್ನುತ್ತಾಳೆ. ಈ ಜಡೆಯ ಮಾತು ಸುಮ್ಮನೆ ಬರೆಯುತ್ತಿಲ್ಲ. ನೀನು ಕಾರಿಗೆ ಕಳಿಸಿದ ಗಾಲಿಗಳ ಕತೆ ನನಗೆ ಗೊತ್ತಾದದ್ದು ಆ ಜಡೆಯಿಂದಲೇ.

ಗಾಲಿ ಬಂದು ಇಷ್ಟು ದಿನವಾದರೂ ‘ಮುಟ್ಟಿದವು, ಚೆನ್ನಾಗಿವೆ’ ಎಂದು ನಿನ್ನ ಅಣ್ಣನ ಕೈಲಿ ಒಂದು ಕಾರ್ಡು ಬರೆಸಿದ್ದು ಬಿಟ್ಟರೆ ನಾನು ಏನೂ ತಿಳಿಸಿಲ್ಲ. ಇವತ್ತು ಪೂರ್ತಿ ಬರೆಯುತ್ತೇನೆ, ಸಾವಧಾನವಾಗಿ ಓದು. ದೀಪಾವಳಿ ಮುಗಿದ ಮೇಲೆ ಸ್ಟೇಷನ್ನಿನಿಂದ ಎತ್ತಿನ ಗಾಡಿಯಲ್ಲಿ ನಾಲ್ಕು ಗಾಲಿ ಬಂದು ಮನೆಯ ಮುಂದೆ ಇಳಿದಾಗ ನಿಮ್ಮ ಅಪ್ಪ ಪೇಟ ಸುತ್ತಿಕೊಂಡು ಅಂಗಡಿಗೆ ಹೊರಟಿದ್ದರು. ಯಾರು ಕಳಿಸಿದ್ದು ಎಂದು ಕೇಳಲಿಲ್ಲ. ಕೇಳುವುದೇನು, ಸುತ್ತಿದ್ದ ಗೋಣಿಯ ಮೇಲೆ ನಿನ್ನ ಅಕ್ಷರ ಇತ್ತಲ್ಲ. ‘ಜವಳಿ ಗಾದಿ ಬಿಟ್ಟು ರಬ್ಬರ್ ಸುಡಾಕೆ ಹೋಗ್ತೀಯಾ? ಹೋಗು’ ಎಂದು ನಿನ್ನನ್ನು ಬಾಗಿಲಲ್ಲೇ ಬೀಳ್ಕೊಟ್ಟ ಮೇಲೆ ಎರಡು ವರ್ಷದಲ್ಲಿ ನಿನ್ನ ಹೆಸರು ಅವರ ಬಾಯಲ್ಲಿ ಬಂದಿಲ್ಲ, ಅವತ್ತೂ ಬರಲಿಲ್ಲ. ಆದರೆ ಪೇಟ ತೆಗೆದು ಗೂಟಕ್ಕೆ ಹಾಕಿದರು. ಗೋಣಿ ಬಿಚ್ಚಿದರು. ಜೀಪಿನ ಗಾಲಿಗೆ ನೀನು ಕೈಯಾರೆ ಹೊಸ ರಬ್ಬರ್ ಹಚ್ಚಿ ಕಳಿಸಿದ ಟೈರುಗಳ ಮೇಲೆ ಅಂಗೈ ಇಟ್ಟು ಸವರಿದರು, ಅಂಗಡಿಯಲ್ಲಿ ಹೊಸ ಥಾನು ಬಂದಾಗ ಬಟ್ಟೆಯ ಮೈ ನೋಡುತ್ತಾರಲ್ಲ, ಹಾಗೆ. ಡ್ರೈವರ್ ಬಡೇಸಾಬ್ ‘ನಾ ತೊಳೀತೀನಿ ಬಿಡ್ರಿ ಯಜಮಾನ್ರೆ’ ಅಂದರೂ ಕೇಳದೆ ತಾವೇ ಕೊಡದ ನೀರು ಸುರಿದು ತೊಳೆದರು. ನಾನು ಬಾಗಿಲ ಹಿಂದೆ ನಿಂತು ಎಲ್ಲ ನೋಡಿದೆ. ನಾನು ನೋಡಿದ್ದು ಅವರಿಗೆ ಗೊತ್ತಿಲ್ಲ, ನೀನೂ ಹೇಳಬೇಡ.

ನಮ್ಮ ಹಳೇ ಫೋರ್ಡಿಗೂ ಐದು ನಟ್ಟು, ಜೀಪಿನ ಗಾಲಿಗೂ ಐದೇ ತೂತು. ಒಂದಕ್ಕೊಂದು ಸರಿಯಾಗಿ ಕೂತವು. ಬಡೇಸಾಬ್ ನಟ್ಟು ಬಿಗಿದು ಜ್ಯಾಕು ಇಳಿಸಿದಾಗ ಕಾರು ಮೊದಲಿಗಿಂತ ಮೇಲೆದ್ದು ನಿಂತಿತು. ನೀನು ಅದಕ್ಕೇ ತಾನೇ ದೊಡ್ಡದು ಕಳಿಸಿದ್ದು? ಹರಿಹರದ ದಾರಿಯಲ್ಲಿ ಕಾರಿನ ಹೊಟ್ಟೆಗೆ ಕಲ್ಲು ಬಡಿಯುತ್ತದೆ ಎಂದು ನಾನು ಒಮ್ಮೆ ಬರೆದಿದ್ದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆಯಲ್ಲ. ಆಮೇಲೆ ಕಲ್ಲು ಬಡಿಯಲಿಲ್ಲ, ನಿಜ. ನಿಮ್ಮ ಅಪ್ಪ ಸುತ್ತ ಒಂದು ಸಲ ತಿರುಗಿ ನೋಡಿ ‘ಗಾಡಿ ಈಗ ಎದೆ ಎತ್ತಿ ನಿಂತೈತೆ’ ಅಂದರು. ಅವರ ಬಾಯಿಂದ ಅಷ್ಟು ಬಂದರೆ ಬಹಳ ಆಯಿತು. ಅವತ್ತು ಊಟಕ್ಕೆ ಹೋಳಿಗೆ ಕೇಳಿದರು, ಹಬ್ಬ ಮುಗಿದಿದ್ದರೂ ಮಾಡಿದೆ.

ಮೊದಲ ಸೋಜಿಗ ಶುರುವಾದದ್ದು ಮೈಲಿ ಮೀಟರಿನಿಂದ. ನಮ್ಮ ಮನೆಯಿಂದ ಅಕ್ಕನ ಮನೆಗೆ ಆ ಮೀಟರು ಯಾವತ್ತೂ ಒಂಬತ್ತು ಮೈಲಿ ತೋರಿಸುತ್ತಿತ್ತು, ನಿನಗೂ ಗೊತ್ತು. ಹೊಸ ಗಾಲಿ ಹಾಕಿದ ಮೇಲೆ ಎಂಟೂವರೆಯೂ ತುಂಬುತ್ತಿಲ್ಲ ಎಂದು ನಿಮ್ಮ ಅಪ್ಪ ಹೇಳಿದರು. ‘ಹರಿಹರ ಹತ್ರ ಬಂದೈತೆ ನೋಡು’ ಎಂದು ತಮಾಷೆ ಮಾಡಿ ಅಷ್ಟಕ್ಕೇ ಬಿಟ್ಟರು. ನನಗೆ ಬಿಡಲಾಗಲಿಲ್ಲ. ಊರು ಎಲ್ಲಿದೆಯೋ ಅಲ್ಲೇ ಇದೆ, ದಾರಿಯೂ ಅದೇ, ಮೀಟರು ಯಾಕೆ ಸುಳ್ಳು ಹೇಳುತ್ತದೆ? ನಿನ್ನ ಅವ್ವನ ಸ್ವಭಾವ ಗೊತ್ತಲ್ಲ, ಒಂದು ತಲೆಗೆ ಹೊಕ್ಕರೆ ಅನ್ನ ಸೀದರೂ ಲಕ್ಷ್ಯವಿರುವುದಿಲ್ಲ. ನಡುಮನೆಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ಊಟದ ಹಿತ್ತಾಳೆ ತಟ್ಟೆಯನ್ನು ಅಂಚಿನ ಮೇಲೆ ನಿಲ್ಲಿಸಿ ಉರುಳಿಸಿದೆ. ಅಂಚಿಗೆ ಕುಂಕುಮದ ಗುರುತು ಹಚ್ಚಿ ಎಷ್ಟು ಸುತ್ತು ಸುತ್ತಿತೆಂದು ಎಣಿಸಿದೆ. ಆಮೇಲೆ ಅದಕ್ಕಿಂತ ದೊಡ್ಡದಾದ ಹಿಟ್ಟು ಕಲಸುವ ಪರಾತ ಉರುಳಿಸಿದೆ. ಪರಾತ ಕಡಿಮೆ ಸುತ್ತಿನಲ್ಲೇ ಗೋಡೆ ಮುಟ್ಟಿತು! ಅಷ್ಟೇ ವಿಷಯ. ಮೀಟರು ದಾರಿಯನ್ನು ನೋಡುವುದಿಲ್ಲ, ಗಾಲಿ ಎಷ್ಟು ಸುತ್ತಿತೆಂದು ಎಣಿಸುತ್ತದೆ. ಗಾಲಿ ದೊಡ್ಡದಾದರೆ ಸುತ್ತು ಕಡಿಮೆ, ಮೈಲಿಯೂ ಕಡಿಮೆ. ನಿರ್ಮಲಮ್ಮ ಅಡಿಗೆಮನೆಯಿಂದ ಓಡಿ ಬಂದು ‘ಅತ್ತೀ, ಏನ್ ಬಿತ್ತು?’ ಅಂದಳು. ಏನೂ ಬಿದ್ದಿಲ್ಲ, ಹರಿಹರ ಇದ್ದಲ್ಲೇ ಇದೆ ಅಂದೆ. ಅತ್ತೆಗೆ ವಯಸ್ಸಾಯಿತು ಅಂದುಕೊಂಡಿರಬೇಕು, ಪಾಪ.

ಇದು ನಗುವ ವಿಷಯವಾಯಿತು. ಮುಂದಿನದು ಹಾಗಲ್ಲ. ಸಂತೆಯ ದಿನ ಅಂಗಡಿಯ ಬಟ್ಟೆ ಗಂಟುಗಳ ಜೊತೆ ನಾನೂ ಕಾರಿನಲ್ಲಿ ಹರಿಹರಕ್ಕೆ ಹೋಗುವುದು ಎಷ್ಟೋ ವರ್ಷದ ರೂಢಿ. ಗಾಲಿ ಬಂದ ಮೇಲೆ ಒಂದೆರಡು ಸಲ ಹೋದೆ. ಆಮೇಲೆ ಒಂದು ದಿನ ನಿಮ್ಮ ಅಪ್ಪ ಎಲ್ಲೋ ನೋಡುತ್ತಾ ‘ಇವತ್ತು ನೀ ಬಸ್ಸಿಗೆ ಬಂದುಬಿಡು, ಗಂಟು ಬಾಳ ಅದಾವೆ’ ಅಂದರು. ಹೋದೆ. ಮುಂದಿನ ಸಂತೆಗೂ ಅದೇ ಮಾತು. ಅದರ ಮುಂದಿನ ಸಂತೆಗೂ ಅದೇ. ಬಸ್ಸಿನಲ್ಲಿ ಕೂರಲು ಜಾಗವಿಲ್ಲ, ಕೋಳಿ ಬುಟ್ಟಿಗಳ ನಡುವೆ ಸೆರಗು ಹಿಡಿದುಕೊಂಡು ನಿಂತು ಹೋಗಿ ಅಕ್ಕನ ಜಡೆ ಹಾಕುವಷ್ಟರಲ್ಲಿ ನನ್ನ ಜಡೆಯೇ ಬಿಚ್ಚಿಹೋಗಿರುತ್ತಿತ್ತು. ಇದಾದರೂ ಹೋಗಲಿ ಎಂದುಕೊಂಡೆ. ಒಂದು ದಿನ ನಮ್ಮ ಬಸ್ಸು ಟೈರು ಪಂಚರಾಗಿ ದಾರಿಯಲ್ಲಿ ನಿಂತಿತ್ತು. ಹಿಂದಿನಿಂದ ನಮ್ಮ ಕಾರೇ ಬಂತು. ಮುಂದೆ ಬಡೇಸಾಬ್, ಪಕ್ಕದಲ್ಲಿ ನಿಮ್ಮ ಅಪ್ಪ, ಹಿಂದಿನ ಸೀಟಿನಲ್ಲಿ ಯಾರೂ ಇಲ್ಲ, ಗಂಟೂ ಇಲ್ಲ, ಏನೂ ಇಲ್ಲ. ನಾನು ರಸ್ತೆಯ ಬದಿಯಲ್ಲಿ ನಿಂತದ್ದು ಅವರಿಗೆ ಕಾಣಿಸಿತೋ ಇಲ್ಲವೋ ಗೊತ್ತಿಲ್ಲ. ಕಾರು ಹೋಗಿಬಿಟ್ಟಿತು.

ಉಜ್ಜನಪ್ಪಾ, ನನಗೆ ಆವತ್ತು ಆದ ಸಂಕಟ ಬರೆಯಲಾರೆ. ಇಷ್ಟು ವರ್ಷ ಜೊತೆಯಲ್ಲಿ ಬಾಳಿದವಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲು ನಾಚಿಕೆಯಾಯಿತೇ ಎಂದು ಅಕ್ಕನ ಮುಂದೆ ಅತ್ತೆ. ಅಕ್ಕ ಸಮಾಧಾನ ಮಾಡುತ್ತಾಳೆ ಅಂದುಕೊಂಡರೆ ‘ನೀನೂ ಸ್ವಲ್ಪ ದಪ್ಪ ಆಗೀಯ ಬಿಡು, ಗಾಡಿಗೆ ಭಾರ ಆಗತೈತೇನೋ’ ಅಂದಳು. ಸಿಟ್ಟಿಗೆ ಅವತ್ತು ಜಡೆ ಬಿಗಿಯಾಗಿಯೇ ಹಾಕಿದೆ. ಆದರೆ ವಾಪಸು ಬರುವಾಗ ಬಸ್ಸಿನಲ್ಲಿ ನಿಂತುಕೊಂಡು ಯೋಚನೆ ಮಾಡಿದೆ. ಅಕ್ಕ ಬಾಯಿಗೆ ಬಂದಿದ್ದು ಹೇಳಿದಳು, ಆದರೆ ಭಾರ ಅಂದಳಲ್ಲ, ಅದು ತಲೆಯಲ್ಲಿ ಕೂತಿತು. ನಾನು ಬೇಡ, ಗಂಟೂ ಬೇಡ. ಬಟ್ಟೆ ಗಂಟು ಕಂಡರೆ ನಾಚಿಕೊಳ್ಳುವ ಮನುಷ್ಯರೇ ನಿಮ್ಮ ಅಪ್ಪ? ಆ ಗಂಟುಗಳು ಹಾಗಾದರೆ ಹರಿಹರಕ್ಕೆ ಹೇಗೆ ಹೋಗುತ್ತಿವೆ? ವಿಚಾರಿಸಿದರೆ ಗುತ್ತೂರಿನ ಗುತ್ತೆಪ್ಪನ ಜೀಪಿನಲ್ಲಿ ಹಿಂದಿನ ದಿನವೇ ಹೋಗುತ್ತಿವೆ! ಕಾರು ಮಾತ್ರ ಖಾಲಿ ಓಡಾಡುತ್ತಿದೆ.

ನಿಮ್ಮ ಅಪ್ಪ ನಂದಿಗುಡಿ ಮಠಕ್ಕೆ ಹೋದ ದಿನ ನೋಡಿಕೊಂಡು ಕಾರಿನ ಶೆಡ್ಡಿಗೆ ಹೋದೆ. ಅವರು ಮಠಕ್ಕೆ ಯಾವಾಗಲೂ ಬಸ್ಸಿನಲ್ಲೇ ಹೋಗುವುದು, ಸ್ವಾಮಿಗಳ ಮುಂದೆ ಡೌಲು ಬೇಡ ಎಂದು. ಶೆಡ್ಡಿನಲ್ಲಿ ಸುಟ್ಟ ರಬ್ಬರಿನ ವಾಸನೆ. ಹಿಂದಿನ ಗಾಲಿಗಳ ಕೆಳಗೆ ನೆಲದ ಮೇಲೆ ಕಾಡಿಗೆಯಂಥ ಕರಿ ಪುಡಿ. ಮಡ್‌ಗಾರ್ಡಿನ ಒಳ ಅಂಚನ್ನು ಯಾರೋ ಸುತ್ತಿಗೆಯಿಂದ ಬಡಿದು ಮೇಲಕ್ಕೆ ಮಡಚಿದ್ದಾರೆ. ಬಡೇಸಾಬನನ್ನು ಕರೆದು ‘ಇದೇನಿದು?’ ಅಂದೆ. ಅವನು ಟೋಪಿ ತೆಗೆದ, ಹಾಕಿಕೊಂಡ, ಮತ್ತೆ ತೆಗೆದ. ‘ಅಮ್ಮಾರೆ, ಖಾಲಿ ಇದ್ದಾಗ ಗಾಡಿ ಬರೋಬ್ಬರಿ ಓಡತೈತ್ರಿ, ಗುಂಡಿ ಬಂದ್ರಷ್ಟೇ ತಾಗತೈತೆ. ಹಿಂದೆ ಯಾರರೆ ಕುಂತ್ರೆ ಟೈರು ಮಡ್‌ಗಾರ್ಡಿಗೆ ತಿಕ್ಕತೈತೆ. ಯಜಮಾನ್ರಿಗೆ ಹೇಳಿದೆ. ಮಡ್‌ಗಾರ್ಡ್ ಬಡಿ ಅಂದ್ರು, ಬಡಿದೆ. ಆದ್ರೂ ತಿಕ್ಕತೈತೆ. ಹಂಗಾದ್ರೆ ಹಿಂದೆ ಯಾರೂ ಕುಂದ್ರೋದು ಬ್ಯಾಡ ಅಂದ್ರು’ ಅಂದ.

ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು, ಅದರ ಹಿಂದೆಯೇ ನಗು ಬಂತು. ನೋಡು ಮಗನೇ, ಗಾಲಿ ಹಾಕಿದ ದಿನ ಪರೀಕ್ಷೆ ಮಾಡಿದವರು ಯಾರು? ನಿಮ್ಮ ಅಪ್ಪ ಮತ್ತು ಬಡೇಸಾಬ್. ಇಬ್ಬರೂ ಮುಂದೆ ಕೂತು ಪಿ.ಬಿ. ರಸ್ತೆಯಲ್ಲಿ ನೇರವಾಗಿ ಹೋಗಿ ನೇರವಾಗಿ ಬಂದರು. ‘ಫಸ್ಟ್ ಕ್ಲಾಸ್’ ಅಂದರು. ನಮ್ಮ ಕಡೆ ಹೊಸ ವಸ್ತು ಬಂದರೆ ಮೊದಲು ಗಂಡಸರು ನೋಡುವುದು, ಹೆಂಗಸರು ಹತ್ತುವುದು ಎಲ್ಲ ಮುಗಿದ ಮೇಲೆ. ಆದರೆ ಕಾರು ತುಂಬುವುದು ನಮ್ಮಿಂದ. ಹಿಂದಿನ ಸೀಟು ನಮ್ಮದು, ಬುತ್ತಿ ಗಂಟು ನಮ್ಮದು, ಮಕ್ಕಳು ನಮ್ಮವು. ನಿನ್ನ ಕಾರ್ಖಾನೆಯವರಿಗೆ ಹೇಳು, ಟೈರು ಹೊಂದುತ್ತದೋ ಇಲ್ಲವೋ ನೋಡಬೇಕಾದರೆ ನನ್ನಂಥವಳೊಬ್ಬಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ನೋಡಲಿ.

ಬಂದವಳು ಬರಿಗೈಲಿ ಹೋಗಲಿಲ್ಲ. ಪೂರ್ತಿ ತಿಳಿದುಕೊಳ್ಳೋಣ ಎಂದು ನಿರ್ಮಲಮ್ಮನನ್ನೂ ಮನೆಗೆಲಸದ ತಿಪ್ಪಮ್ಮನನ್ನೂ ಕರೆದು ಹಿಂದಿನ ಸೀಟಿನಲ್ಲಿ ಕೂರಿಸಿದೆ. ತೊಡೆಯ ಮೇಲೆ ಒಂದೊಂದು ಬಟ್ಟೆ ಗಂಟು ಇಟ್ಟೆ. ತಿಪ್ಪಮ್ಮ ಹುಟ್ಟಿದ ಮೇಲೆ ಮೊದಲ ಸಲ ಕಾರು ಹತ್ತಿದ್ದು, ‘ಎಲ್ಲಿಗೆ ಹೊಂಟೀವಿ ಅಮ್ಮಾರೆ?’ ಅಂದಳು. ಎಲ್ಲಿಗೂ ಇಲ್ಲ, ಸುಮ್ಮನೆ ಭಾರವಾಗಿ ಕೂತಿರು ಅಂದೆ. ಆಮೇಲೆ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳು ತೂರಿಸಿ ನೋಡಿದೆ. ಹೋಗಲಿಲ್ಲ. ಕಿರುಬೆರಳೂ ಹೋಗಲಿಲ್ಲ. ಮುಂದಿನ ಗಾಲಿಯನ್ನು ಪೂರ್ತಿ ತಿರುಗಿಸು ಎಂದು ಬಡೇಸಾಬನಿಗೆ ಹೇಳಿದೆ. ಅದೂ ಕೊನೆಯಲ್ಲಿ ಕರ್ ಎಂದು ತಗುಲಿತು. ಚೌಕಿಪೇಟೆ ತಿರುವಿನಲ್ಲಿ ಅವನು ಈಚೆಗೆ ಮುಂದೆ ಹಿಂದೆ ಮಾಡಿ ಮಾಡಿ ತಿರುಗಿಸುತ್ತಿದ್ದದ್ದು ಇದಕ್ಕೇ. ಎಲ್ಲರನ್ನೂ ಇಳಿಸಿ, ಡಿಕ್ಕಿಯಲ್ಲಿದ್ದ ಹಳೇ ಸ್ಟೆಪ್ನಿಯನ್ನು ಒಂದು ಕಡೆ ಹಾಕಿಸಿ, ಮತ್ತೆ ಎಲ್ಲರನ್ನೂ ಹತ್ತಿಸಿದೆ. ಈಗ ನನ್ನ ತೋರುಬೆರಳು ಆರಾಮಾಗಿ ಹೋಯಿತು, ಇನ್ನೂ ಅರ್ಧ ಬೆರಳಿಗೆ ಜಾಗ ಉಳಿಯಿತು. ಆ ಒಂದೂವರೆ ಬೆರಳಿನ ಸಂದಿನಲ್ಲೇ ಗುಂಡಿ ಬಿದ್ದಾಗ ಗಾಲಿ ಮೇಲೆದ್ದು ಇಳಿಯಬೇಕು. ಆ ಜಾಗವನ್ನೆಲ್ಲ ಹೊಸ ಟೈರು ತಾನೇ ತುಂಬಿಕೊಂಡುಬಿಟ್ಟಿದೆ.

ಟೈರಿನ ಪಕ್ಕೆಯ ಮೇಲೆ ಬರೆದಿರುವ ಅಂಕಿಗಳನ್ನೂ ಓದಿದೆ. ನೀನು ಕಳಿಸಿದ್ದರ ಮೇಲೆ 7.00 – 16, ಸ್ಟೆಪ್ನಿಯ ಮೇಲೆ 6.00 – 16. ಹದಿನಾರು ಅಂದರೆ ಒಳಗಿನ ಕಬ್ಬಿಣದ ಗಾಲಿಯ ಅಡ್ಡಳತೆ, ಮುಂದಿನದು ಟೈರಿನ ದಪ್ಪ ಎಂದು ಬಡೇಸಾಬ್ ಬಿಡಿಸಿ ಹೇಳಿದ. ಹದಿನಾರು ಎರಡರಲ್ಲೂ ಒಂದೇ, ನಟ್ಟೂ ಒಂದೇ, ಅದಕ್ಕೇ ಎಲ್ಲರೂ ಹೊಂದಿತು ಅಂದುಕೊಂಡರು, ನೀನೂ ಅಂದುಕೊಂಡೆ. ಆದರೆ ಟೈರು ದಪ್ಪವಾದರೆ ಬರೀ ಪಕ್ಕಕ್ಕೆ ದಪ್ಪವಾಗುವುದಿಲ್ಲ, ಎತ್ತರಕ್ಕೂ ಬೆಳೆಯುತ್ತದೆ. ಹರಿಹರವನ್ನು ಹತ್ತಿರ ತಂದದ್ದೂ ಅದೇ, ನನ್ನನ್ನು ಬಸ್ಸು ಹತ್ತಿಸಿದ್ದೂ ಅದೇ. ನೋಡು, ಒಂದು ಅಂಕಿಯಲ್ಲಿ ಎಷ್ಟೆಲ್ಲ ಇದೆ! ನನಗಂತೂ ಅವತ್ತು ಹೊತ್ತು ಹೋದದ್ದೇ ಗೊತ್ತಾಗಲಿಲ್ಲ.

ನಗು ನಿಂತದ್ದು ಆ ಮೇಲೆ. ಸ್ಟೆಪ್ನಿ ಹಾಕುವಾಗ ಬಿಚ್ಚಿದ ಗಾಲಿ ನೆಲದ ಮೇಲೆ ಬಿದ್ದಿತ್ತಲ್ಲ, ಅದರ ಒಳಮಗ್ಗುಲು ನೋಡಿದೆ. ತಿಕ್ಕಿ ತಿಕ್ಕಿ ರಬ್ಬರ್ ಹೋಗಿ ಒಳಗಿನ ನೂಲು ಕಾಣುತ್ತಿದೆ. ಜವಳಿ ಮನೆಯವಳು ನಾನು, ನೂಲು ಹೊರಗೆ ಬಂದರೆ ಏನರ್ಥ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಒಂದು ದಿನ ಅದು ಎದುರಿಗೆ ಲಾರಿ ಬರುವಾಗ ಒಡೆದರೆ? ನಿಮ್ಮ ಅಪ್ಪ ಅದರಲ್ಲೇ ಓಡಾಡುತ್ತಿದ್ದಾರೆ. ನನ್ನನ್ನು ಬಸ್ಸಿಗೆ ಕಳಿಸಿ ತಾವು ಆ ಗಾಲಿಗಳ ಮೇಲೆ ಕೂತು ಹೋಗುತ್ತಿದ್ದಾರೆ. ಬಡೇಸಾಬ್ ಸ್ಟೆಪ್ನಿ ಬಿಚ್ಚಿ ಮತ್ತೆ ಆ ನೂಲು ಬಂದ ಗಾಲಿಯನ್ನೇ ಹಾಕಿದ, ಇಲ್ಲವಾದರೆ ಯಜಮಾನ್ರು ನನ್ನನ್ನು ಬಿಡುವುದಿಲ್ಲ ಅಂದ.

ಮಠದಿಂದ ಬಂದು ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ. ಟೈರಿನ ವಿಷಯ ನಿಮಗೆ ಗೊತ್ತಿದ್ದೂ ಯಾಕೆ ಸುಮ್ಮನಿದ್ದೀರಿ ಅಂದೆ. ಮೊದಲು ಜವಳಿಯವರ ಮಾತೇ ಆಡಿದರು. ‘ಹೊಸ ಬಟ್ಟೆ ಮೊದಲು ಬಿಗೀನೇ ಇರತೈತೆ. ನಾಕು ದಿನ ಉಟ್ರೆ ಹೊಂದ್ಕೊತೈತೆ’ ಅಂದರು. ಹೊಂದಿಕೊಳ್ಳುವುದಕ್ಕೆ ಅದೇನು ಇಳಕಲ್ ಸೀರೆಯೇ? ನೂಲು ಬಂದಿದೆ, ನಾನು ನೋಡಿದ್ದೇನೆ, ಬಿಚ್ಚಿಸಿ ಅಂದೆ. ಆಗ ಅವರು ತುತ್ತನ್ನು ತಟ್ಟೆಯಲ್ಲೇ ಬಿಟ್ಟು ‘ಬಿಚ್ಚೋದು ಬ್ಯಾಡ. ಅವನು ಕಳಿಸಿದ್ದು’ ಅಂದರು.

‘ಅವನು’ ಅಂದರು, ಉಜ್ಜನಪ್ಪಾ. ಎರಡು ವರ್ಷದ ಮೇಲೆ ನನ್ನ ಎದುರಿಗೆ ಅಷ್ಟು ಅಂದರು. ನನ್ನ ಕಣ್ಣು ತುಂಬಿ ಸಾರು ಬಡಿಸುವ ನೆವ ಮಾಡಿ ಒಳಗೆ ಹೋದೆ. ಬಡೇಸಾಬನನ್ನು ಮರುದಿನ ಕೇಳಿದರೆ ಇನ್ನೊಂದು ಹೇಳಿದ. ದಾರಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ, ಸಂತೆಯಲ್ಲಿ ಯಾರೇ ಗಾಲಿ ನೋಡಿದರೂ ‘ನಮ್ಮ ಸಣ್ಣ ಹುಡುಗ ಮದ್ರಾಸಿಂದ ಕಳಿಸ್ಯಾನೆ, ಅವನ ಕೈಕೆಲಸ’ ಎಂದು ಹೇಳುತ್ತಾರಂತೆ. ಕೇಳದವರಿಗೂ ಹೇಳುತ್ತಾರಂತೆ. ಗುತ್ತೆಪ್ಪ ತನ್ನ ಜೀಪಿಗೆ ಆಗುತ್ತವೆ ಕೊಡಿ ಎಂದು ಕೇಳಿದ್ದಕ್ಕೆ ಅವನ ಮೇಲೆ ರೇಗಿದರಂತೆ. ಮನೆಯಲ್ಲಿ ಮಾತ್ರ ಬಾಯಿಗೆ ಬೀಗ. ಎಂಥ ಮನುಷ್ಯರನ್ನು ಕಟ್ಟಿಕೊಂಡೆ ನೋಡು.

ಈಗ ನಿನ್ನ ವಿಷಯ. ಈ ಕಾಗದ ಓದಿ ನೀನು ಮುಖ ಸಪ್ಪಗೆ ಮಾಡಿಕೊಳ್ಳುತ್ತೀಯ ಎಂದು ಗೊತ್ತು. ಟೈರಿನ ಕೆಲಸ ಮಾಡುವವನು ಅಪ್ಪನ ಕಾರಿಗೇ ಅಳತೆ ತಪ್ಪಿದೆನಲ್ಲ ಎಂದು ಕೊರಗುತ್ತೀಯ. ಕೊರಗಬೇಡ. ನಿನಗೆ ಈ ಬುದ್ಧಿ ಎಲ್ಲಿಂದ ಬಂತೆಂದು ನನಗೆ ಚೆನ್ನಾಗಿ ಗೊತ್ತು. ನೀನು ಶಾಲೆಗೆ ಹೋಗುವಾಗ ಊರಿನ ದೊಡ್ಡ ಜವಳಿ ಅಂಗಡಿಯ ಮಗ, ಆದರೂ ಒಂದೇ ಒಂದು ಅಂಗಿ ನಿನ್ನ ಮೈಗೆ ಸರಿಯಾಗಿ ಇರಲಿಲ್ಲ. ‘ಬೆಳೆಯೋ ಹುಡುಗ, ಒಂದಳತೆ ದೊಡ್ಡದೇ ಇರ್ಲಿ’ ಎಂದು ನಿಮ್ಮ ಅಪ್ಪ ದರ್ಜಿಗೆ ಹೇಳುತ್ತಿದ್ದರು. ತೋಳನ್ನು ಎರಡು ಮಡಿಕೆ ಮಡಚಿ ನೀನು ಹೊರಡುತ್ತಿದ್ದೆ. ಅಂಗಡಿಗೆ ಬಂದ ಎಲ್ಲ ತಾಯಂದಿರಿಗೂ ಅದೇ ಮಾತು ಹೇಳಿ ಬಟ್ಟೆ ಹರಿದುಕೊಡುತ್ತಿದ್ದರು. ಅದನ್ನೇ ಕೇಳಿ ಕೇಳಿ ಬೆಳೆದ ನೀನು ಮದ್ರಾಸಿನಲ್ಲಿ ಗಾಲಿ ಆರಿಸುವಾಗ ಆರರ ಜಾಗದಲ್ಲಿ ಏಳು ಹಿಡಿದೆ. ಒಂದಳತೆ ದೊಡ್ಡದೇ ಇರಲಿ! ಅಪ್ಪ ನಿನ್ನ ಅಂಗಿಗೆ ಮಾಡಿದ್ದನ್ನೇ ನೀನು ಅಪ್ಪನ ಕಾರಿಗೆ ಮಾಡಿದೆ. ಇದು ಹೊಳೆದಾಗ ನಾನು ಒಬ್ಬಳೇ ಬಿದ್ದು ಬಿದ್ದು ನಕ್ಕೆ. ನೆನ್ನೆ ನಿಮ್ಮ ಅಪ್ಪನಿಗೂ ಹೇಳಿದೆ. ಮಗ ನಿಮ್ಮದೇ ಬುದ್ಧಿ ಕಲಿತಿದ್ದಾನೆ, ಆದರೆ ನಿಮ್ಮ ಫೋರ್ಡು ಇನ್ನು ಬೆಳೆಯುವುದಿಲ್ಲ ಕಣ್ರೀ ಅಂದೆ. ಅವರು ನಗಲಿಲ್ಲ. ಎಲೆ ಅಡಿಕೆ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ಒಂದೊಂದೇ ಎಲೆಯ ನಾರು ತೆಗೆಯತೊಡಗಿದರು.

ಆರೂವರೆ ಹಾಕಿದರೆ ಹೇಗೆ ಎಂದೂ ನಾನು ಯೋಚಿಸಿದೆ, ಅಪ್ಪನ ಮಾತೂ ಉಳಿಯಲಿ, ನಿನ್ನದೂ ಉಳಿಯಲಿ ಎಂದು. ಆರಕ್ಕೆ ಒಂದೂವರೆ ಬೆರಳು ಸಂದು, ಏಳಕ್ಕೆ ಏನೂ ಇಲ್ಲ. ಹಾಗಾದರೆ ಆರೂವರೆಗೆ ಅರ್ಧವೋ ಮುಕ್ಕಾಲೋ ಬೆರಳು ಉಳಿದೀತು. ಒಳ್ಳೆಯ ರಸ್ತೆಗೆ ಸಾಕು, ನಮ್ಮ ಹರಿಹರದ ಗುಂಡಿಗಳಿಗೆ ಸಾಲದು. ಹೊಟ್ಟೆಗೆ ಕಲ್ಲು ಬಡಿಯುವುದಕ್ಕೆ ಬೇರೆ ದಾರಿ ಇದೆ. ಕಾರಿನ ಭಾರ ಹೊರುವ ಹಿಂದಿನ ಕಮಾನು ಪಟ್ಟಿ ಕುಗ್ಗಿದೆ, ಅದನ್ನು ಸರಿ ಮಾಡಿಸಿದರೆ ಕಾರು ತಾನಾಗಿ ಮೇಲೆ ನಿಲ್ಲುತ್ತದೆ ಎಂದು ಬಡೇಸಾಬ್ ಹೇಳುತ್ತಾನೆ. ಅದನ್ನು ನಾನು ಮಾಡಿಸುತ್ತೇನೆ. ಹಳೇ ಗಾಲಿಗಳು ಶೆಡ್ಡಿನಲ್ಲೇ ಇವೆ, ಅವುಗಳ ಟೈರು ಮಾತ್ರ ಸವೆದುಹೋಗಿವೆ. ಆದ್ದರಿಂದ ನಾಲ್ಕು ಟೈರು ಸಾಕು, 6.00 – 16. ಆದರೆ ಅವುಗಳನ್ನು ಪಾರ್ಸಲ್ ಮಾಡಬೇಡ. ಪಾರ್ಸಲ್ ಬಂದರೆ ಶೆಡ್ಡಿನಲ್ಲಿ ಬಿದ್ದಿರುತ್ತವೆ ಅಷ್ಟೇ. ನೀನು ಹಾಕಿದ್ದನ್ನು ನಿಮ್ಮ ಅಪ್ಪ ಬೇರೆಯವರ ಕೈಯಿಂದ ಬಿಚ್ಚಿಸುವುದಿಲ್ಲ. ರಜ ಸಿಗುತ್ತದೆಯೇ ನೋಡು. ನೂಲು ಬಂದ ಟೈರನ್ನು ನೆನೆದರೆ ನನಗೆ ಊಟ ಸೇರುವುದಿಲ್ಲ. ಅವರು ಸಂತೆಗೆ ಹೊರಟರೆ ವಾಪಸು ಬರುವವರೆಗೆ ಬಾಗಿಲಲ್ಲೇ ಕೂತಿರುತ್ತೇನೆ.

ದೊಡ್ಡವ್ವ ನಿನಗೆ ಆಶೀರ್ವಾದ ತಿಳಿಸಿದ್ದಾಳೆ. ಅತ್ತಿಗೆ ನಮಸ್ಕಾರ ಹೇಳಿದ್ದಾಳೆ. ತಿಪ್ಪಮ್ಮ ‘ಸಣ್ಣ ಯಜಮಾನ್ರ ದೆಸೆಯಿಂದ ಕಾರು ಹತ್ತಿದೆ’ ಎಂದು ಬರೆಯಲು ಹೇಳಿದಳು, ಬರೆದಿದ್ದೇನೆ. ಶಿವ ನಿನ್ನನ್ನು ತಣ್ಣಗೆ ಇಟ್ಟಿರಲಿ. ಕೆಮ್ಮಿಗೆ ಮೆಣಸು ಬೆಲ್ಲ ಮರೆಯಬೇಡ.

ನಿನ್ನ ದಾರಿ ಕಾಯುವ ಅವ್ವ,
ಮರುಳಸಿದ್ದಮ್ಮ

ತಾ.ಕ.: ಕಾಗದ ಮಡಚುವಷ್ಟರಲ್ಲಿ ನಿಮ್ಮ ಅಪ್ಪ ಬಂದರು, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ, ಟಪಾಲು ಹೋಗುವ ಹೊತ್ತಾಯಿತು. ಯಾರಿಗೆ ಕಾಗದ ಎಂದು ಕೇಳಲಿಲ್ಲ. ಕಂಕುಳಲ್ಲಿ ಒಂದು ಬಿಳಿ ಪಾಪ್ಲಿನ್ ತುಂಡು ಇತ್ತು, ಅಂಗಡಿಯಲ್ಲಿರುವುದರಲ್ಲೆಲ್ಲ ಮೇಲಿನದು. ‘ಅವನ ಕೊರಳಿನ ಅಳತೆ ಎಷ್ಟು?’ ಅಂದರು. ಈಗಿನ ಅಳತೆ ನನಗೆಲ್ಲಿ ಗೊತ್ತು, ಯಾವಾಗಲೂ ಮಾಡಿದ ಹಾಗೆ ಒಂದಳತೆ ದೊಡ್ಡದು ಹೊಲಿಸಿಬಿಡಿ ಅಂದೆ. ‘ಬ್ಯಾಡ. ಅವನು ಬೆಳೆದು ಮುಗದಾನೆ. ಸರಿಯಾದ ಅಳತೆ ಬೇಕು. ಬಂದು ಕೊಡು ಅಂತ ಬರಿ. ಬಂದಾಗ ಗಾಲಿ ತಾನೇ ಬಿಚ್ಚಲಿ, ಅಲ್ಲೀ ಮಟ ಗಾಡಿ ತೆಗಿಯಂಗಿಲ್ಲ’ ಅಂದರು. ಕಾರಿನ ಕೀಲಿಯನ್ನು ನನ್ನ ಕೈಗೆ ಕೊಟ್ಟಿದ್ದಾರೆ, ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದೇನೆ. ದರ್ಜಿಯ ಹತ್ತಿರ ಇಸಕೊಂಡು ಬಂದ ಅಳತೆ ಟೇಪು ಇನ್ನೂ ಅವರ ಕೊರಳಲ್ಲೇ ಇದೆ.